ಹೆಜ್ಜೆ ಎಣಿಸುವವರು ಯಾರು?

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು ಎಂಬ ಮಾತು ಇಂದು ಎಷ್ಟು ಸಲೀಸಾಗಿ ಬಳಕೆಯಲ್ಲಿದೆಯೆಂದರೆ, ಅದನ್ನು ಮೊದಲು ಹೇಳಿದವರು ಯಾರೆಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ವೈದ್ಯರೇ ಹೇಳಿರಬೇಕೆಂದು ನಾವೆಲ್ಲ ನಂಬಿದ್ದೇವೆ. ಸಂಗತಿ ಬೇರೆಯೇ ಇದೆ. ಟೋಕಿಯೊ ಒಲಿಂಪಿಕ್ಸ್ ನಡೆದ ಮರುವರ್ಷ, ಅಂದರೆ 1965ರಲ್ಲಿ, ಜಪಾನಿನ ಯಮಾಸಾ ಕಂಪೆನಿಯು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು ‘ಮಾನ್ಪೊ-ಕೇ’. ಹಾಗೆಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ಸರಕು ಮಾರಲು ಇಟ್ಟ ಹೆಸರು ಕಾಲಕ್ರಮದಲ್ಲಿ ಆರೋಗ್ಯದ ನಿಯಮವಾಗಿಬಿಟ್ಟಿತು. ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ಅಮೆರಿಕದ 16,741 ವಯಸ್ಸಾದ ಮಹಿಳೆಯರ ಹೆಜ್ಜೆಗಳನ್ನು ಲೆಕ್ಕ ಹಾಕಿ ನೋಡಿದಾಗ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭವೇನೂ ಕಾಣಿಸಲಿಲ್ಲ. ಆ ಮಹಿಳೆಯರ ಸರಾಸರಿ ವಯಸ್ಸು 72. ಎಲ್ಲ ವಯಸ್ಸಿನವರಿಗೂ ಇದೇ ಅಂಕಿ ಹೊಂದುತ್ತದೆಯೆಂದು ಯಾರೂ ಹೇಳಿಲ್ಲ. ಆದರೂ ನಮ್ಮ ಮೊಬೈಲುಗಳು ಇಪ್ಪತ್ತರ ತರುಣನಿಗೂ ಎಪ್ಪತ್ತರ ಅಜ್ಜಿಗೂ ಅದೇ ಹತ್ತು ಸಾವಿರದ ಗುರಿಯನ್ನು ಮುಂದಿಡುತ್ತಲೇ ಇವೆ.

ಒಂದು ಅಂಕಿಯ ಜನ್ಮಜಾತಕ ಬಿಡಿಸಿ ನಗುವುದು ನಮ್ಮ ಉದ್ದೇಶವಲ್ಲ. ಆ ಅಂಕಿಯ ಹಿಂದೆ ಒಂದು ಗಂಭೀರವಾದ ಶಾಸ್ತ್ರವಿದೆ. ಅದಕ್ಕೆ ಸ್ವ-ನಿಯಂತ್ರಣ ಎನ್ನುತ್ತಾರೆ. ಇಂದು ಅಂತರ್ಜಾಲದ ಮೂಲಕ, ಆ್ಯಪ್‌ಗಳ ಮೂಲಕ, ಕೈಗೆ ಕಟ್ಟಿದ ಪಟ್ಟಿಗಳ ಮೂಲಕ ಜನರನ್ನು ಕುರ್ಚಿಯಿಂದ ಎಬ್ಬಿಸಿ ನಡೆಸಲು ನಡೆಯುತ್ತಿರುವ ಪ್ರಯತ್ನಗಳೆಲ್ಲ ಬಹುಮಟ್ಟಿಗೆ ಈ ಶಾಸ್ತ್ರದ ಆಧಾರದಲ್ಲೇ ನಿಂತಿವೆ. ಆ ಶಾಸ್ತ್ರ ಹೇಳಿದ್ದೇನು, ಅದರ ಹೆಸರಿನಲ್ಲಿ ನಮ್ಮ ಕೈಗೆ ಬಂದಿರುವುದೇನು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕಾಗಿದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1991ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸ್ವ-ನಿಯಂತ್ರಣವನ್ನು ಮೂರು ಕ್ರಿಯೆಗಳಾಗಿ ಬಿಡಿಸಿದರು. ಮನುಷ್ಯ ತನ್ನ ನಡವಳಿಕೆಯನ್ನು ತಾನೇ ಗಮನಿಸುತ್ತಾನೆ. ತನಗೆ ಮುಖ್ಯವೆನಿಸಿದ ಒಂದು ಅಳತೆಗೆ ಹೋಲಿಸಿ ಅದನ್ನು ತೂಗುತ್ತಾನೆ. ಆ ತೂಕಕ್ಕೆ ತಕ್ಕಂತೆ ಸಂತೋಷವನ್ನೋ ಬೇಸರವನ್ನೋ ಪಟ್ಟು ಮುಂದಿನ ಹೆಜ್ಜೆಯನ್ನು ತಿದ್ದಿಕೊಳ್ಳುತ್ತಾನೆ. ಮೂರರಲ್ಲೂ ಕರ್ತೃ ಅವನೇ ಎಂಬುದನ್ನು ನೆನಪಿಡಬೇಕು. ಇದಕ್ಕೂ ಮೊದಲೇ, 1982ರಲ್ಲಿ, ಕಾರ್ವರ್ ಮತ್ತು ಶೈಯರ್ ಎಂಬಿಬ್ಬರು ಇದನ್ನೇ ಯಂತ್ರಶಾಸ್ತ್ರದ ಭಾಷೆಯಲ್ಲಿ ವಿವರಿಸಿದ್ದರು. ನಮ್ಮ ಮನೆ ತಾರಸಿಯ ನೀರಿನ ಟ್ಯಾಂಕಿನಲ್ಲಿರುವ ತೇಲುವ ಚೆಂಡನ್ನು ನೆನಪಿಸಿಕೊಂಡರೆ ಅದು ಅರ್ಥವಾಗುತ್ತದೆ. ನೀರು ಇಳಿದಾಗ ಚೆಂಡು ಇಳಿಯುತ್ತದೆ, ನಲ್ಲಿ ತೆರೆಯುತ್ತದೆ, ತುಂಬಿದಾಗ ಮುಚ್ಚುತ್ತದೆ. ಗುರಿಗೂ ವಾಸ್ತವಕ್ಕೂ ಇರುವ ಅಂತರವೇ ಮನುಷ್ಯನನ್ನು ಕೆಲಸಕ್ಕೆ ಹಚ್ಚುತ್ತದೆ ಎಂಬುದು ಇದರ ತಾತ್ಪರ್ಯ.

ಈ ವಿಧಾನಗಳಿಂದ ಪ್ರಯೋಜನವಿಲ್ಲ ಎಂದು ಹೇಳಿದರೆ ಅದು ಅನ್ಯಾಯವಾದೀತು. ಹೆಜ್ಜೆ ಎಣಿಸುವ ಯಂತ್ರಗಳ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪರಿಶೀಲನೆಯ ಪ್ರಕಾರ, ಯಂತ್ರ ಧರಿಸಿದವರು ದಿನಕ್ಕೆ ಸರಾಸರಿ ಎರಡು ಸಾವಿರಕ್ಕೂ ಹೆಚ್ಚು ಹೆಜ್ಜೆ ಜಾಸ್ತಿ ನಡೆದಿದ್ದರು. ಅದರಲ್ಲೂ ಮುಂದೆ ಒಂದು ಗುರಿ ಇಟ್ಟುಕೊಂಡವರಿಗೇ ಲಾಭ. ಬ್ರಿಟನ್ನಿನ ಸೂಸನ್ ಮಿಕಿ ಮತ್ತು ಸಂಗಡಿಗರು 2009ರಲ್ಲಿ ಆಹಾರ ಮತ್ತು ವ್ಯಾಯಾಮದ ಕುರಿತಾದ 122 ಪ್ರಯೋಗಗಳನ್ನು ತೂಗಿ ನೋಡಿ, ತನ್ನ ನಡವಳಿಕೆಯನ್ನು ತಾನೇ ಬರೆದಿಡುವುದು ಮತ್ತು ಅದರ ಜೊತೆಗೆ ಗುರಿ, ಮರುಪರಿಶೀಲನೆ ಮುಂತಾದ ಇನ್ನೊಂದಾದರೂ ಸ್ವ-ನಿಯಂತ್ರಣದ ಕ್ರಮ ಸೇರಿದ್ದಾಗ ಫಲ ಹೆಚ್ಚು ಎಂದು ಕಂಡುಕೊಂಡರು. ‘ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ಜಾಗದಲ್ಲಿ’ ಎಂದು ಮೊದಲೇ ಬರೆದಿಟ್ಟುಕೊಳ್ಳುವ ಸರಳ ಉಪಾಯವನ್ನೂ ಪರೀಕ್ಷಿಸಲಾಗಿದೆ. 2002ರಲ್ಲಿ ಬ್ರಿಟನ್ನಿನ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗವೊಂದರಲ್ಲಿ ಹಾಗೆ ಬರೆದಿಟ್ಟವರಲ್ಲಿ ನೂರಕ್ಕೆ 91 ಮಂದಿ ವ್ಯಾಯಾಮ ಮಾಡಿದರು. ಕೇವಲ ಹೃದ್ರೋಗದ ಅಪಾಯ ಓದಿ ಹೆದರಿದವರಲ್ಲಿ ನಲವತ್ತು ಮಂದಿಯೂ ಮಾಡಲಿಲ್ಲ. ಒಂದು ವಾರದ ಮಾತು, ಅದೂ ವಿದ್ಯಾರ್ಥಿಗಳೇ ಕೊಟ್ಟ ವರದಿ ಎಂಬುದನ್ನು ಮರೆಯಬಾರದು. ಆದರೂ ಹೆದರಿಸುವ ಉಪದೇಶಕ್ಕಿಂತ ಒಂದು ಚೀಟಿ ಹೆಚ್ಚು ಕೆಲಸ ಮಾಡಿತು ಎಂಬುದು ನಮ್ಮ ಆರೋಗ್ಯ ಇಲಾಖೆಯ ಭಿತ್ತಿಪತ್ರ ಬರೆಯುವವರು ಗಮನಿಸಬೇಕಾದ ವಿಷಯ.

ಹಾಗಾದರೆ ತಕರಾರು ಎಲ್ಲಿದೆ? ಸ್ವ-ನಿಯಂತ್ರಣದ ಹೆಸರಿನಲ್ಲಿ ಬರುವ ಆ್ಯಪ್‌ಗಳಲ್ಲಿ ‘ಸ್ವ’ ಎಂಬುದು ಎಷ್ಟು ಉಳಿದಿದೆ ಎಂಬುದೇ ನಮ್ಮ ತಕರಾರು. ಬಂಡೂರ ಹೇಳಿದ ಮೂರು ಕ್ರಿಯೆಗಳನ್ನೇ ತೆಗೆದುಕೊಳ್ಳೋಣ. ಗಮನಿಸುವ ಕೆಲಸವನ್ನು ಈಗ ಯಂತ್ರ ಮಾಡುತ್ತದೆ. ಅಳತೆಯನ್ನು ಕಂಪೆನಿ ನಿಗದಿ ಮಾಡುತ್ತದೆ. ಶಹಭಾಸ್ ಎನ್ನುವುದೂ ಛೀಮಾರಿ ಹಾಕುವುದೂ ರಾತ್ರಿ ಒಂಬತ್ತಕ್ಕೆ ಗುಣುಗುಣಿಸುವ ಮೊಬೈಲಿನ ಕೆಲಸ. ನಡೆಯುವುದೊಂದು ಮಾತ್ರ ನಮ್ಮ ಪಾಲಿಗೆ ಉಳಿಯಿತು! ಗಡಿಯಾರ ಕಟ್ಟಿಕೊಂಡವನಿಗೆ ತನ್ನ ಮೈ ದಣಿದಿದೆಯೋ ಇಲ್ಲವೋ ಎಂದು ತಿಳಿಯಲು ಗಡಿಯಾರ ನೋಡಬೇಕಾದ ಸ್ಥಿತಿ ಬಂದರೆ, ಅದನ್ನು ಯಾವ ಶಾಸ್ತ್ರದ ಪ್ರಕಾರ ಸ್ವ-ನಿಯಂತ್ರಣ ಎನ್ನಬೇಕು?

ಇದು ಬರೀ ಶಬ್ದಗಳ ಜಗಳವಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಜಾನ್ ಜಾಕಿಸಿಕ್ ನೇತೃತ್ವದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಬಹಳ ಮುಖ್ಯ. ತೂಕ ಇಳಿಸಿಕೊಳ್ಳಲು ಬಂದ 18ರಿಂದ 35 ವರ್ಷದ 471 ಮಂದಿಗೆ ಮೊದಲ ಆರು ತಿಂಗಳು ಒಂದೇ ಬಗೆಯ ತರಬೇತಿ ನೀಡಲಾಯಿತು. ಆ ಬಳಿಕ ಒಂದು ಗುಂಪಿನವರು ತಾವು ತಿಂದದ್ದನ್ನೂ ಮಾಡಿದ ವ್ಯಾಯಾಮವನ್ನೂ ಒಂದು ವೆಬ್‌ಸೈಟಿನಲ್ಲಿ ತಾವೇ ದಾಖಲಿಸಬೇಕಿತ್ತು. ಇನ್ನೊಂದು ಗುಂಪಿಗೆ ಚಲನೆಯನ್ನು ತಾನಾಗಿಯೇ ದಾಖಲಿಸುವ ಯಂತ್ರವನ್ನು ಕೊಟ್ಟು, ಅದಕ್ಕೆ ಹೊಂದಿಕೊಂಡ ವೆಬ್‌ಸೈಟನ್ನೂ ಒದಗಿಸಲಾಯಿತು. ಎರಡು ವರ್ಷಗಳ ಕೊನೆಯಲ್ಲಿ ತಾವೇ ದಾಖಲಿಸಿದವರು ಸರಾಸರಿ 5.9 ಕಿಲೋ ಇಳಿದಿದ್ದರು, ಯಂತ್ರದವರು 3.5 ಕಿಲೋ ಮಾತ್ರ. ಕಾರಣ ಇದೇ ಎಂದು ಆ ಅಧ್ಯಯನ ಸಾಬೀತು ಮಾಡಿಲ್ಲ, ನಾವೂ ಹಾಗೆ ಸಾಧಿಸಹೊರಟಿಲ್ಲ. ಆದರೆ ಅಂಗಡಿಯ ಲೆಕ್ಕವನ್ನು ಪ್ರತಿ ರಾತ್ರಿ ತಾನೇ ಕೂತು ಬರೆಯುವ ಯಜಮಾನನಿಗೂ, ಗುಮಾಸ್ತ ಬರೆದಿಟ್ಟದ್ದರ ಕೆಳಗೆ ರುಜು ಹಾಕುವ ಯಜಮಾನನಿಗೂ ಇರುವ ವ್ಯತ್ಯಾಸ ವ್ಯಾಪಾರ ಬಲ್ಲವರಿಗೆ ಗೊತ್ತು.

ಹಣದ ಆಸೆ ತೋರಿಸಿದರೆ? ಅದನ್ನೂ ಮಾಡಿ ನೋಡಿದ್ದಾರೆ. ಸಿಂಗಾಪುರದ 13 ಸಂಸ್ಥೆಗಳ 800 ನೌಕರರನ್ನು ನಾಲ್ಕು ಗುಂಪು ಮಾಡಿ, ಕೆಲವರಿಗೆ ಬರೀ ಫಿಟ್‌ಬಿಟ್, ಕೆಲವರಿಗೆ ಫಿಟ್‌ಬಿಟ್ ಜೊತೆ ನಗದು, ಇನ್ನು ಕೆಲವರ ಹೆಸರಿನಲ್ಲಿ ದಾನಕ್ಕೆ ಹಣ ಎಂದು ಏರ್ಪಾಡು ಮಾಡಲಾಗಿತ್ತು. ನಗದು ಸಿಗುವ ಆರು ತಿಂಗಳು ಜನ ಚೆನ್ನಾಗಿಯೇ ನಡೆದರು. ನಗದು ನಿಂತಿತು, ವರ್ಷದ ಕೊನೆಗೆ ಆ ಗುಂಪಿನ ಗಳಿಕೆಯೂ ಕರಗಿತ್ತು. ತೂಕದಲ್ಲಾಗಲಿ ರಕ್ತದೊತ್ತಡದಲ್ಲಾಗಲಿ ಯಾವ ಗುಂಪಿನಲ್ಲೂ ಸುಧಾರಣೆ ಕಾಣಿಸಲಿಲ್ಲ. ಅದೇ 2016ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ಜೋರ್ಡನ್ ಎಟ್ಕಿನ್ ಇನ್ನೊಂದು ಕುತೂಹಲಕರ ಸಂಗತಿಯನ್ನು ತೋರಿಸಿದರು. ನಡಿಗೆಯನ್ನು ಅಳೆಯತೊಡಗಿದಾಗ ಜನ ಹೆಚ್ಚು ನಡೆಯುತ್ತಾರೆ, ಆದರೆ ನಡಿಗೆಯಲ್ಲಿರುವ ಖುಷಿ ಕಡಿಮೆಯಾಗುತ್ತದೆ. ಅದು ಕೆಲಸದಂತೆ ಕಾಣತೊಡಗುತ್ತದೆ. ಅಳತೆ ನಿಂತ ಮೇಲೆ ಮುಂದುವರಿಸುವ ಮನಸ್ಸೂ ಕುಗ್ಗುತ್ತದೆ.

ಆ್ಯಪ್‌ಗಳ ಇನ್ನೊಂದು ಉಪಾಯ, ಒಂದು ದಿನವೂ ತಪ್ಪದ ಸರಪಳಿ. ಇಂಗ್ಲಿಷಿನಲ್ಲಿ ಸ್ಟ್ರೀಕ್ ಎನ್ನುತ್ತಾರೆ. ಸತತ ನೂರು ದಿನ ಗುರಿ ಮುಟ್ಟಿದವನಿಗೆ ನೂರಾ ಒಂದನೆಯ ದಿನ ಜ್ವರ ಬಂದರೆ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭ. ಆಪಲ್ ಕಂಪೆನಿಯ ಕೈಗಡಿಯಾರ 2015ರಲ್ಲಿ ಬಂತು. ದಿನವೂ ಮೂರು ಬಣ್ಣದ ವರ್ತುಲಗಳನ್ನು ತುಂಬಿಸಬೇಕೆಂಬುದು ಅದರ ಪಾಠ. ಕಾಯಿಲೆ ಬಿದ್ದವರು ಸರಪಳಿ ಕಡಿಯದೆ ಆ ವರ್ತುಲಗಳಿಗೆ ರಜೆ ಕೊಡುವ ಅವಕಾಶ ಸಿಕ್ಕಿದ್ದು 2024ರಲ್ಲಿ. ಒಂಬತ್ತು ವರ್ಷಗಳ ಕಾಲ ಜಗತ್ತಿನ ಅತಿ ಶ್ರೀಮಂತ ಕಂಪೆನಿಗಳಲ್ಲೊಂದಕ್ಕೆ, ಮನುಷ್ಯರು ಕಾಯಿಲೆ ಬೀಳುತ್ತಾರೆ, ಹೆಂಗಸರಿಗೆ ತಿಂಗಳಲ್ಲಿ ನಾಲ್ಕು ದಿನ ಹೊಟ್ಟೆನೋವಿರುತ್ತದೆ, ಮನೆಯಲ್ಲಿ ಸಾವುನೋವು ಆಗುತ್ತದೆ ಎಂಬುದಕ್ಕೆ ಒಂದು ಗುಂಡಿ ಇಡಲು ಆಗಲಿಲ್ಲ. ರಮಝಾನಿನಲ್ಲಿ ದಿನದ ಲಯವೇ ತಲೆಕೆಳಗಾಗುವವರ ಮಾತಂತೂ ದೂರವೇ ಉಳಿಯಿತು. ನಡುರಾತ್ರಿ ಹನ್ನೆರಡಕ್ಕೆ ದಿನ ಮುಗಿಯುತ್ತದೆ ಎಂದು ನಂಬಿದ ಯಂತ್ರಕ್ಕೆ, ತರಾವೀಹ್ ಮುಗಿಸಿ ತಡವಾಗಿ ನಡೆಯಲು ಹೊರಟವನ ಹೆಜ್ಜೆಗಳು ಅರ್ಧ ನಿನ್ನೆಗೆ ಅರ್ಧ ಇಂದಿಗೆ ಹಂಚಿಹೋಗುತ್ತವೆ.

ಒಳ್ಳೆಯ ಗುರುವಿನ ಲಕ್ಷಣ, ಶಿಷ್ಯನಿಗೆ ಮುಂದೊಂದು ದಿನ ತನ್ನ ಅಗತ್ಯ ಬೀಳದಂತೆ ಮಾಡುವುದು. ಇಂಥ ಸಾಧನಗಳನ್ನೂ ಇದೇ ಅಳತೆಯಿಂದ ಅಳೆಯಬೇಕೆಂಬುದು ನಮ್ಮ ಅಭಿಪ್ರಾಯ. 1996ರಲ್ಲಿ ಜೋಶ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ ‘ಕೌಚ್ ಟು ಫೈವ್ ಕೆ’ ಎಂಬ ಓಟದ ವೇಳಾಪಟ್ಟಿಯನ್ನು ತಯಾರಿಸಿದ. ವಾರಕ್ಕೆ ಮೂರು ದಿನ, ಒಂಬತ್ತು ವಾರ. ಮೊದಲು ಒಂದು ನಿಮಿಷ ಓಟ, ಬಳಿಕ ನಡಿಗೆ, ಕೊನೆಗೆ ಅರ್ಧ ಗಂಟೆ ನಿಲ್ಲದ ಓಟ. ಮುಂದೆ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯೂ ಇದನ್ನು ಎತ್ತಿಕೊಂಡು ಉಚಿತವಾಗಿ ಹಂಚಿತು. ಈ ವೇಳಾಪಟ್ಟಿಯ ದೊಡ್ಡ ಗುಣವೆಂದರೆ ಅದು ಮುಗಿಯುತ್ತದೆ. ಒಂಬತ್ತನೆಯ ವಾರದ ಬಳಿಕ ಅದಕ್ಕೆ ಹೇಳಲು ಏನೂ ಇಲ್ಲ. ಆದರೆ ತಿಂಗಳ ಚಂದಾ ವಸೂಲು ಮಾಡುವ ಆ್ಯಪ್ ಮುಗಿಯುವಂತಿಲ್ಲ. ಬಳಸುವವರು ಕಲಿತು ಹೊರಟುಹೋದರೆ ಅದರ ವ್ಯಾಪಾರ ನಿಲ್ಲುತ್ತದೆ. ಫಿಟ್‌ಬಿಟ್ ಕಂಪೆನಿಯನ್ನು ಗೂಗಲ್ 2021ರಲ್ಲಿ 210 ಕೋಟಿ ಡಾಲರ್ ಕೊಟ್ಟು ತನ್ನದಾಗಿಸಿಕೊಂಡಿತು. ಅಷ್ಟು ಹಣ ತೆತ್ತವರು ನಾವು ಸ್ವತಂತ್ರರಾಗಿ ನಡೆಯಲಿ ಎಂದು ಕಾಯುತ್ತಿದ್ದಾರೆಯೇ?

ಈಗ ನಮ್ಮ ಊರಿಗೆ ಬರೋಣ. ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ 2024ರಲ್ಲಿ ಪ್ರಕಟವಾದ ಅಂದಾಜಿನಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು. ಪುರುಷರಲ್ಲಿ ಶೇಕಡಾ 42, ಮಹಿಳೆಯರಲ್ಲಿ ಶೇಕಡಾ 57. ಸಾಕಷ್ಟು ಎಂದರೆ ವಾರಕ್ಕೆ 150 ನಿಮಿಷ ಚುರುಕಾದ ನಡಿಗೆಯಷ್ಟು ಶ್ರಮ. ಮನೆಗೆಲಸ, ದುಡಿಮೆಗಳನ್ನೂ ಸೇರಿಸಿಯೇ ಈ ಲೆಕ್ಕ. ಹೆಂಗಸರು ಮನೆಯಲ್ಲೇ ಬೇಕಾದಷ್ಟು ಓಡಾಡುತ್ತಾರೆ, ಅವರಿಗೇಕೆ ವಾಕಿಂಗ್ ಎಂದು ಕೇಳುವ ಗಂಡಸರು ಈ ಮಾತನ್ನು ಗಮನಿಸಬೇಕು. ಮನೆಗೆಲಸದಲ್ಲಿ ದಣಿವು ಬೇಕಾದಷ್ಟಿದೆ. ಆದರೆ ಒಲೆಯ ಮುಂದೆ ನಿಂತೇ ಕಳೆಯುವ ಗಂಟೆಗಳಿಂದ ಹೃದಯ ಬಲಗೊಳ್ಳುವುದಿಲ್ಲ.

ಸರಕಾರವೂ ಈ ದಾರಿ ಹಿಡಿದಿದೆ. 2019ರ ಆಗಸ್ಟ್ 29ರಂದು ಕೇಂದ್ರ ಸರಕಾರ ‘ಫಿಟ್ ಇಂಡಿಯಾ’ ಆಂದೋಲನ ಆರಂಭಿಸಿತು. ಸರಿಯಾಗಿ ಎರಡು ವರ್ಷದ ಬಳಿಕ ಅದೇ ಹೆಸರಿನ ಆ್ಯಪ್ ಬಂತು. ಹೆಜ್ಜೆ, ನಿದ್ದೆ, ಕುಡಿದ ನೀರು, ತಿಂದ ಕ್ಯಾಲೊರಿ ಎಲ್ಲದಕ್ಕೂ ಅದರಲ್ಲಿ ಜಾಗವಿತ್ತು. ಉಚಿತವಾಗಿ ಕೊಟ್ಟದ್ದು ಮೆಚ್ಚತಕ್ಕ ಕೆಲಸವೇ. ಬಿಡುಗಡೆಯಾದಾಗ ಅದು ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇತ್ತು ಎಂಬುದು ಮೆಚ್ಚತಕ್ಕದ್ದಲ್ಲ. ತನ್ನನ್ನು ತಾನು ತೂಗಿ ನೋಡುವ ಕೆಲಸವನ್ನು ಪರಭಾಷೆಯಲ್ಲಿ ಮಾಡು ಎನ್ನುವುದು, ಮನೆಯ ಲೆಕ್ಕವನ್ನು ಪಕ್ಕದ ಮನೆಯವರ ಪುಸ್ತಕದಲ್ಲಿ ಬರೆ ಎಂದಂತೆ.

ಭಾಷೆಗಿಂತ ದೊಡ್ಡ ಸಮಸ್ಯೆ ರಸ್ತೆಯಲ್ಲಿದೆ. ಟ್ಯಾಂಕಿನ ಚೆಂಡಿನ ಮಾತನ್ನು ಮತ್ತೆ ನೆನಪಿಸಿಕೊಳ್ಳಿ. ಚೆಂಡು ಇಳಿಯಿತು, ನಲ್ಲಿ ತೆರೆಯಿತು, ಆದರೆ ಬೀದಿಯ ಕೊಳವೆಯಲ್ಲೇ ನೀರಿಲ್ಲದಿದ್ದರೆ? ಚೆಂಡಿನ ತಪ್ಪೇನೂ ಇಲ್ಲ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 111 ದೇಶಗಳ ಏಳು ಲಕ್ಷಕ್ಕೂ ಹೆಚ್ಚು ಜನರ ಮೊಬೈಲ್ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಎರಡು ಮಾತು ಮುಖ್ಯ. ಸ್ತ್ರೀಯರ ನಡಿಗೆ ಪುರುಷರಿಗಿಂತ ಬಹಳ ಕಡಿಮೆಯಿರುವ ದೇಶಗಳಲ್ಲಿ ಒಟ್ಟು ಅಸಮಾನತೆಯೂ ಹೆಚ್ಚು. ನಡೆಯಲು ಅನುಕೂಲವಾದ ಊರುಗಳಲ್ಲಿ ಈ ಅಸಮಾನತೆ ಕಡಿಮೆ. ಭಾರತದ ಸರಾಸರಿ 4,297 ಹೆಜ್ಜೆ. ಗಂಡಸರದ್ದು 4,606, ಹೆಂಗಸರದ್ದು 3,684. ಇದು ಸ್ಮಾರ್ಟ್‌ಫೋನ್ ಇದ್ದವರ ಲೆಕ್ಕ ಮಾತ್ರ, ಅದೂ ಫೋನು ಮೈಮೇಲಿದ್ದಾಗಿನದು. ಗಂಡಸಿನ ಫೋನು ಕಿಸೆಯಲ್ಲಿರುತ್ತದೆ. ನಮ್ಮ ಹೆಂಗಸರ ಫೋನು ಅಡುಗೆಮನೆಯ ಕಪಾಟಿನ ಮೇಲೆ ಚಾರ್ಜಿಗೆ ಬಿದ್ದಿರುತ್ತದೆ ಎಂಬುದನ್ನೂ ಸೇರಿಸಿ ಓದಬೇಕು.

ಸಂಜೆ ಏಳಕ್ಕೆ ಮೊಬೈಲು ‘ಇನ್ನು ಮೂರು ಸಾವಿರ ಹೆಜ್ಜೆ ಬಾಕಿ’ ಎಂದು ನೆನಪಿಸಿದಾಗ ಒಬ್ಬ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಫುಟ್‌ಪಾತ್ ಇದ್ದಲ್ಲಿ ಬೈಕು ನಿಂತಿದೆ, ಇಲ್ಲದಲ್ಲಿ ಚರಂಡಿಯ ಚಪ್ಪಡಿ ಎದ್ದಿದೆ. ಬೀದಿದೀಪ ಕೆಟ್ಟಿದೆ, ನಾಯಿಗಳಿವೆ. ಇವೆಲ್ಲ ಇಲ್ಲದಿದ್ದರೂ ‘ಈ ಹೊತ್ತಿಗೆ ಎಲ್ಲಿಗೆ?’ ಎಂದು ಕೇಳುವ ಕಣ್ಣುಗಳಿವೆ. ಶಿಲ್ಪಾ ಫಡ್ಕೆ, ಸಮೀರಾ ಖಾನ್ ಮತ್ತು ಶಿಲ್ಪಾ ರಾನಡೆ 2011ರಲ್ಲಿ ಪ್ರಕಟಿಸಿದ ‘ವೈ ಲಾಯ್ಟರ್?’ ಪುಸ್ತಕ ಮುಂಬಯಿಯ ಕುರಿತಾದದ್ದು. ಬೀದಿಯಲ್ಲಿರುವ ಹೆಣ್ಣು ತಾನು ಯಾವುದೋ ಕೆಲಸಕ್ಕೆ ಹೊರಟವಳೆಂದು ತೋರಿಸಿಕೊಳ್ಳಲೇಬೇಕಾದ ಸ್ಥಿತಿಯನ್ನು ಅದು ಬಿಡಿಸಿ ಹೇಳುತ್ತದೆ. ನಮ್ಮ ಸಣ್ಣ ಊರುಗಳಿಗೆ ಅದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಸುಮ್ಮನೆ ನಡೆಯಲು ಹೊರಟೆ ಎನ್ನುವುದು ಇಲ್ಲಿ ಕಾರಣವೇ ಅಲ್ಲ. ಎಷ್ಟೋ ಮಂದಿ ಕೈಯಲ್ಲೊಂದು ಚೀಲ ಹಿಡಿದುಕೊಂಡೇ ವಾಕಿಂಗ್ ಹೋಗುತ್ತಾರೆ.

ಆ್ಯಪ್ ಇದ್ಯಾವುದನ್ನೂ ಕೇಳುವುದಿಲ್ಲ. ಅಡ್ಡಿಯನ್ನು ಗುರುತಿಸಿ ಅದಕ್ಕೆ ದಾರಿ ಹುಡುಕುವುದೂ ಸ್ವ-ನಿಯಂತ್ರಣದ ಒಂದು ಅಂಗವೆಂದು ಶಾಸ್ತ್ರ ಬರೆದವರೇ ಹೇಳಿದ್ದಾರೆ. ಆದರೆ ನಾವು ಕಂಡ ಆ್ಯಪ್‌ಗಳಲ್ಲಿ ಬಾಕಿ ಹೆಜ್ಜೆ ತೋರಿಸುವ ಕೆಂಪು ಅಂಕಿಗೆ ಇರುವಷ್ಟು ಜಾಗ, ಬಾಕಿ ಯಾಕಾಯಿತು ಎಂದು ಬರೆಯಲು ಇಲ್ಲ. ಹೀಗಾಗಿ ಪುರಸಭೆಯ ಸೋಲು ಹೆಣ್ಣುಮಗಳ ಸೋಮಾರಿತನವಾಗಿ ದಾಖಲಾಗುತ್ತದೆ. ಅವಳೂ ಹಾಗೆಯೇ ನಂಬತೊಡಗುತ್ತಾಳೆ.

ಕರಾವಳಿಯ ಬೀಡಿ ಕಟ್ಟುವ ಮಹಿಳೆಯರನ್ನು ಇಲ್ಲಿ ನೆನೆಯದಿರಲು ಸಾಧ್ಯವಿಲ್ಲ. ಮಡಿಲಲ್ಲಿ ಮೊರ, ಬಾಗಿದ ಬೆನ್ನು, ಮಡಿಚಿದ ಕಾಲು, ಬೆಳಗಿನಿಂದ ಸಂಜೆಯವರೆಗೆ ಕೂತಲ್ಲೇ ಕೂತು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಬೀಡಿ ಬ್ರಾಂಚಿನಲ್ಲಿ ಕೊಟ್ಟಾಗ ಒಂದಷ್ಟು ಕಳಪೆಯೆಂದು ತಿರಸ್ಕೃತ. ವ್ಯಾಯಾಮದ ಅಗತ್ಯ ಇವರಿಗಿಂತ ಹೆಚ್ಚು ಯಾರಿಗಿದೆ? ಆದರೆ ಸಾವಿರದ ಲೆಕ್ಕ ಇವರಿಗೆ ಹೊಸದಲ್ಲ. ಇನ್ನೊಬ್ಬರು ಇಟ್ಟ ಗುರಿ, ಇನ್ನೊಬ್ಬರು ಹಿಡಿದ ತಕ್ಕಡಿ, ಮುಟ್ಟದಿದ್ದರೆ ತಮ್ಮದೇ ನಷ್ಟ ಎಂಬ ವ್ಯವಸ್ಥೆಯಲ್ಲೇ ಅವರ ಆಯುಷ್ಯ ಸವೆದಿದೆ. ಅವರ ಕೈಗೆ ಇನ್ನೂ ಒಂದು ಹತ್ತು ಸಾವಿರದ ಗುರಿಯನ್ನು ಕೊಟ್ಟು, ಇದು ನಿಮ್ಮ ಸ್ವ-ನಿಯಂತ್ರಣ ಎಂದರೆ ಅವರು ನಗುತ್ತಾರೆ. ನಗಬೇಕಾದದ್ದೇ. ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಬಂದರೂ ಪ್ರಯೋಜನವಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ, ಕನಿಷ್ಠ ಹತ್ತು ನಿಮಿಷ ಒಂದೇ ಸಮನೆ ನಡೆದರೆ ಮಾತ್ರ ಲೆಕ್ಕಕ್ಕೆ ಎಂಬ ಹಳೆಯ ಷರತ್ತನ್ನೇ ಕೈಬಿಟ್ಟಿದೆ. ಆದರೆ ಆ ಒಂದು ಸುತ್ತಿಗೆ ಎಷ್ಟು ಬೀಡಿ ಕಡಿಮೆಯಾಗುತ್ತದೆ, ಆ ಕೂಲಿಯನ್ನು ತುಂಬಿಕೊಡುವವರು ಯಾರು ಎಂಬ ಪ್ರಶ್ನೆಗೆ ಯಾವ ಮಾರ್ಗಸೂಚಿಯಲ್ಲೂ ಉತ್ತರವಿಲ್ಲ.

ಬೇರೆ ರೀತಿಯಲ್ಲೂ ಮಾಡಲು ಸಾಧ್ಯವಿದೆ ಎಂಬುದಕ್ಕೆ ಒಂದು ಉದಾಹರಣೆ ಕೊಡಬಹುದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ರಾಕ್‌ಹ್ಯಾಂಪ್ಟನ್ ಎಂಬ ಊರಿದೆ. 2001ರಲ್ಲಿ ಅಲ್ಲಿ ಆರಂಭವಾದ ಯೋಜನೆಯ ಹೆಸರೂ ‘10,000 ಹೆಜ್ಜೆ’ಯೇ. ಆದರೆ ಅಲ್ಲಿ ಹೆಜ್ಜೆ ಎಣಿಸುವ ಯಂತ್ರದ ಜೊತೆಗೆ ಊರಿನ ವೈದ್ಯರು, ಪತ್ರಿಕೆಗಳು ಮತ್ತು ಸ್ಥಳೀಯ ಆಡಳಿತ ಕೈಜೋಡಿಸಿದ್ದವು. ಎರಡು ವರ್ಷದ ಬಳಿಕ ಹೋಲಿಕೆಗೆ ಆರಿಸಿದ್ದ ಮಕಾಯ್ ಎಂಬ ಊರಿನಲ್ಲಿ ಚಟುವಟಿಕೆ ಇಳಿದಿತ್ತು, ರಾಕ್‌ಹ್ಯಾಂಪ್ಟನ್ನಿನಲ್ಲಿ ಇಳಿಯಲಿಲ್ಲ. ಮಹಿಳೆಯರಲ್ಲಂತೂ ಹೆಚ್ಚಿತು. ಮುಂದೆ ಅದು ಜನರು ತಮ್ಮ ಹೆಜ್ಜೆಗಳನ್ನು ತಾವೇ ದಾಖಲಿಸುವ ವೆಬ್‌ಸೈಟಾಗಿಯೂ ಬೆಳೆಯಿತು. ಊರಿಗೆ ಊರೇ ನಡೆಯಲು ಹೊರಟಾಗ, ಯಾಕೆ ಹೊರಟಿರಿ ಎಂದು ಒಬ್ಬಾಕೆಯನ್ನು ಹಿಡಿದು ಕೇಳುವವರು ಕಡಿಮೆಯಾಗುತ್ತಾರೆ.

ನಮ್ಮ ಮನೆಗಳಲ್ಲಿ ದಾಖಲೆ ಇಡುವ ಕ್ರಮ ಇಲ್ಲವೆಂದಲ್ಲ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರನ್ನು ನೋಡಿ. ಹಾಲು ಬಾರದ ದಿನಕ್ಕೆ ಒಂದು ಗುರುತು, ಗ್ಯಾಸ್ ಬದಲಿಸಿದ ದಿನಕ್ಕೆ ಇನ್ನೊಂದು, ಸಂಘದ ಕಂತು ಕಟ್ಟಿದ್ದಕ್ಕೆ ಮತ್ತೊಂದು. ಯಾರೂ ಹೇಳಿಕೊಡದೆ, ಯಾವ ಕಂಪೆನಿಗೂ ಚಂದಾ ಕಟ್ಟದೆ, ನಮ್ಮ ಹೆಂಗಸರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಲೆಕ್ಕ ಇದು. ಅದೇ ಚೌಕದಲ್ಲಿ ನಡೆದ ದಿನಕ್ಕೆ ಒಂದು ಅಡ್ಡಗೆರೆ ಎಳೆಯಬಹುದು. ನಡೆಯದ ದಿನ ಎರಡು ಶಬ್ದ: ಜ್ವರ, ನೆಂಟರು, ದೀಪವಿಲ್ಲ, ಚರಂಡಿ ಅಗೆದಿದ್ದಾರೆ. ಜ್ವರ ಮತ್ತು ನೆಂಟರ ವಿಷಯ ಮನೆಯೊಳಗಿನದು. ಉಳಿದೆರಡು ಮನೆಯೊಳಗಿನವಲ್ಲ. ಒಂದೇ ಬೀದಿಯ ಹತ್ತು ಮನೆಗಳ ಕ್ಯಾಲೆಂಡರುಗಳಲ್ಲಿ ‘ದೀಪವಿಲ್ಲ’ ಎಂದು ಎಷ್ಟು ಸಲ ಬರೆದಿದೆಯೆಂದು ಎಣಿಸಿ, ಆ ಅಂಕಿಯನ್ನು ಮುಂದಿನ ಗ್ರಾಮಸಭೆಯಲ್ಲೋ ವಾರ್ಡಿನ ಸದಸ್ಯರ ಮುಂದೆಯೋ ಓದಿ ಹೇಳಬಹುದು.